ಐದು ಬೆಕ್ಕು, ಮೂರು ಬಾಗಿಲು: ಎಫ್‌ಇಎಲ್‌ವಿ ಜೊತೆ ಎರಡು ವರ್ಷ

ನಮ್ಮ ಬೆಕ್ಕು ಸುಬ್ಬಿಯ ವಸಡು ಬೆಳ್ಳಗಾಗಿದ್ದನ್ನು ಮೊದಲು ಕಂಡಿದ್ದು ನಾನಲ್ಲ, ನನ್ನ ಮಗಳು. ಅದು ಆಕಳಿಸುವಾಗ ನೋಡಿ, "ಅಮ್ಮ, ಇವಳ ಬಾಯೊಳಗೆ ನೆನೆಸಿದ ಅವಲಕ್ಕಿ ಥರ ಇದೆ" ಅಂದಳು. ಕಿಟಕಿ ಹತ್ತಿರ ಎತ್ತಿಕೊಂಡು ಹೋಗಿ ತುಟಿ ಸರಿಸಿ ನೋಡಿದೆ. ನಿಜ. ಪಕ್ಕದಲ್ಲಿದ್ದ ರಾಣಿಯ ವಸಡು ಗುಲಾಬಿ, ಇವಳದ್ದು ಬಿಳಿ. ಹದಿನೈದು ದಿನದಿಂದ ಊಟ ಬಿಡುತ್ತಿದ್ದಳು, ಚಳಿಗೆ ಮಂಕಾಗಿದ್ದಾಳೆ ಅಂದುಕೊಂಡು ನಾನು ಸುಮ್ಮನಿದ್ದೆ.

ಇದು 2023ರ ಜನವರಿ, ಮೈಸೂರಿನ ನಮ್ಮ ಮನೆಯಲ್ಲಿ. ಆಗ ಐದು ಬೆಕ್ಕುಗಳಿದ್ದವು: ಒಂಬತ್ತು ವರ್ಷದ ಅಜ್ಜಿ, ಕರಿಯ, ರಾಣಿ, ಒಂದು ವರ್ಷ ತುಂಬಿದ್ದ ಬೆಲ್ಲ, ಮತ್ತೆ 2021ರ ಮಳೆಗಾಲದಲ್ಲಿ ಚರಂಡಿ ಪಕ್ಕ ಸಿಕ್ಕಿದ ಸುಬ್ಬಿ. ಸುಬ್ಬಿಯನ್ನು ತಂದ ದಿನ ಸ್ನಾನ ಮಾಡಿಸಿದೆ, ಜಂತುಹುಳದ ಔಷಧಿ ಹಾಕಿದೆ, ಆಮೇಲೆ ಟ್ರೈಕ್ಯಾಟ್ ಲಸಿಕೆಯೂ ಆಯಿತು. ರಕ್ತ ಪರೀಕ್ಷೆ ಮಾತ್ರ ಮಾಡಿಸಲಿಲ್ಲ. ಟ್ರೈಕ್ಯಾಟ್‌ನಲ್ಲಿ ಬೆಕ್ಕಿನ ಲ್ಯುಕೇಮಿಯಾ ವೈರಸ್‌ಗೆ, ಅಂದರೆ ಎಫ್‌ಇಎಲ್‌ವಿಗೆ, ರಕ್ಷಣೆ ಇಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಲಸಿಕೆ ಆಯಿತು ಅಂದರೆ ಎಲ್ಲ ಆಯಿತು ಅಂತ ನನ್ನ ಲೆಕ್ಕ.

ಡಾಕ್ಟರು ಈ ವೈರಸ್ ಪತ್ತೆ ಮಾಡುವ ಕಿಟ್ ಮೇಲೆ ಎರಡು ಮೂರು ಹನಿ ರಕ್ತ ಬಿಟ್ಟು ಹತ್ತು ನಿಮಿಷ ಕಾಯಿಸಿದರು. ವೈರಸ್ ಇದ್ದರೆ ಗೆರೆ ಮೂಡುತ್ತದೆ. ಸುಬ್ಬಿಯ ಗೆರೆ ಪೆನ್ನಲ್ಲಿ ಎಳೆದ ಹಾಗೆ ಗಾಢವಾಗಿ ಬಂತು. "ಮನೇಲಿ ಬೇರೆ ಬೆಕ್ಕು ಎಷ್ಟಿವೆ?" ಅಂದರು. ನಾಲ್ಕು ಅಂದೆ. "ನಾಳೆ ಎಲ್ಲವನ್ನೂ ತನ್ನಿ." ಮಾರನೆ ದಿನ ಆಟೋದಲ್ಲಿ ನಾಲ್ಕು ಬುಟ್ಟಿ. ಅಜ್ಜಿ, ಕರಿಯ, ರಾಣಿ ನೆಗೆಟಿವ್. ಬೆಲ್ಲನದ್ದು ಕಂಡೂ ಕಾಣದ ಹಾಗೊಂದು ತೆಳು ಗೆರೆ.

ಆ ಗೆರೆಯೇ ನನ್ನ ದೊಡ್ಡ ತಪ್ಪಿಗೆ ಕಾರಣ. ಇಬ್ಬರಿಗೂ ಒಂದೇ ಕಾಯಿಲೆ, ಇಬ್ಬರೂ ಒಟ್ಟಿಗೇ ಇರಲಿ ಅಂತ ಸುಬ್ಬಿಯನ್ನೂ ಬೆಲ್ಲನನ್ನೂ ಮಹಡಿ ಕೋಣೆಗೆ ಹಾಕಿ ಬಾಗಿಲು ಮುಚ್ಚಿದೆ. ಮೊದಲೇ ಅವೆರಡೂ ಜೀವದ ಗೆಳತಿಯರು. ನಾಲ್ಕನೇ ದಿನ ಔಷಧಿ ಕೇಳಲು ಫೋನ್ ಮಾಡಿದಾಗ ಮಾತಿನ ಮಧ್ಯೆ ಈ ವಿಷಯ ಹೇಳಿದೆ. ಡಾಕ್ಟರು ಒಂದು ಕ್ಷಣ ಸುಮ್ಮನಾದರು. "ಮೇಡಂ, ಬೆಲ್ಲಂದು ಇನ್ನೂ ಡೌಟು. ಅವಳು ಗೆಲ್ಲಬಹುದು. ಗೆಲ್ಲೋಳನ್ನ ತಗೊಂಡು ಹೋಗಿ ವೈರಸ್ ಮಡಿಲಲ್ಲೇ ಕೂರಿಸಿದ್ದೀರಲ್ಲ!"

ಅವರು ವಿವರಿಸಿದ ಮೇಲೆ ನನಗೆ ತಿಳಿದಿದ್ದು ಇಷ್ಟು. ವೈರಸ್ ಹೊಕ್ಕ ಬೆಕ್ಕುಗಳಿಗೆಲ್ಲ ಒಂದೇ ಗತಿಯಲ್ಲ. ಕೆಲವು ಅದನ್ನು ಪೂರ್ತಿ ಹೊರಗಟ್ಟುತ್ತವೆ. ಕೆಲವು ಮೂಲೆಗೆ ಒತ್ತಿ ಕೂರಿಸುತ್ತವೆ. ಜೀವಕೋಶದ ಡಿಎನ್‌ಎ ಒಳಗೆ ಅದು ಅವಿತಿರುತ್ತದೆ, ಜೊಲ್ಲಿನಲ್ಲಿ ಹರಿಯುವುದಿಲ್ಲ. ಇನ್ನು ಕೆಲವಕ್ಕೆ ತಡೆಯಲು ಆಗುವುದೇ ಇಲ್ಲ, ಬದುಕಿರುವಷ್ಟು ದಿನವೂ ಜೊಲ್ಲಲ್ಲಿ ವೈರಸ್ ಸುರಿಸುತ್ತವೆ. ಇಂಥವುಗಳಲ್ಲಿ ಹೆಚ್ಚಿನವು ಮೂರು ವರ್ಷದೊಳಗೆ ಹೋಗಿಬಿಡುತ್ತವೆ. ಮರಿಗಳು ಬೇಗ ಸೋಲುತ್ತವೆ, ವಯಸ್ಸಾದಂತೆ ತಡೆಯುವ ಶಕ್ತಿ ಬಲಿಯುತ್ತದೆ. ಒಂದೂವರೆ ವರ್ಷ ಸುಬ್ಬಿಯ ತಟ್ಟೆಯಲ್ಲೇ ಬಾಯಿ ಹಾಕಿದ್ದ ಅಜ್ಜಿಗೆ ಏನೂ ಆಗದಿದ್ದುದು ಇದಕ್ಕೇ ಇರಬೇಕು. ತೆಳು ಗೆರೆಯ ಬೆಲ್ಲ ಯಾವ ದಾರಿ ಹಿಡಿಯುತ್ತಾಳೆ ಅಂತ ಆ ಒಂದು ಕಿಟ್ ನೋಡಿ ಹೇಳುವ ಹಾಗಿರಲಿಲ್ಲ.

ಅಲ್ಲಿಗೆ ಎರಡು ಗುಂಪು ಮೂರಾಯಿತು. ಕೆಳಗೆ ನೆಗೆಟಿವ್ ಮೂವರು, ಮಹಡಿ ಕೋಣೆಯಲ್ಲಿ ಸುಬ್ಬಿ, ಬಟ್ಟೆ ಒಗೆಯುವ ಜಾಗಕ್ಕೆ ಜಾಲರಿ ಹೊಡೆಸಿ ಅಲ್ಲಿ ಬೆಲ್ಲ. ಒಗೆದ ಬಟ್ಟೆ ಒಣಗುತ್ತಿದ್ದುದು ಹಜಾರದಲ್ಲಿ.

ಅತ್ತೆಗೆ ಭಯ. "ಬ್ಲಡ್ ಕ್ಯಾನ್ಸರ್ ಅಂತೀಯ, ಅಂಟುತ್ತೆ ಅಂತೀಯ, ಮನೇಲಿ ಮಗು ಇದೆ ಕಣೇ" ಅಂದರು. ಈ ಹೆಸರೇ ಎಲ್ಲರ ದಾರಿ ತಪ್ಪಿಸುವುದು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಒಂದೇ ಮನೆಯ ಹಲವು ಬೆಕ್ಕುಗಳಿಗೆ ದುಗ್ಧರಸ ಗ್ರಂಥಿಯ ಕ್ಯಾನ್ಸರ್ ಬಂದಾಗ ವಿಲಿಯಂ ಜಾರೆಟ್ ಎಂಬ ಪಶುವೈದ್ಯ ವಿಜ್ಞಾನಿ ಅನುಮಾನಪಟ್ಟು ಹುಡುಕಿ, 1964ರಲ್ಲಿ ಈ ವೈರಸ್ ಪತ್ತೆಯಾಯಿತು. ಹಾಗಾಗಿ ಲ್ಯುಕೇಮಿಯಾ ಅನ್ನುವ ಹೆಸರು ಉಳಿಯಿತು. ಆದರೆ ಕ್ಯಾನ್ಸರ್ ಎಲ್ಲಕ್ಕೂ ಬರುವುದಿಲ್ಲ. ಎಷ್ಟೋ ಬೆಕ್ಕುಗಳು ರಕ್ತಹೀನತೆಯಿಂದಲೋ, ನಿರೋಧಕ ಶಕ್ತಿ ಕುಂದಿ ಬರುವ ಬೇರೆ ಸೋಂಕಿನಿಂದಲೋ ಸೊರಗುತ್ತವೆ. ಮನುಷ್ಯರಿಗೆ ಇದು ಬರುವುದಿಲ್ಲ, ನಾಯಿಗೂ ಬರುವುದಿಲ್ಲ. ಅತ್ತೆ ಪೂರ್ತಿ ನಂಬಲಿಲ್ಲ, ಆದರೂ ಸುಬ್ಬಿಗೆ ಕೋಳಿ ಬೇಯಿಸಿಕೊಡುವುದನ್ನು ನಿಲ್ಲಿಸಲೂ ಇಲ್ಲ.

"ಹೊರಗೆ ಬಿಟ್ಟುಬಿಡಿ, ಅದರ ಹಣೆಬರಹ" ಅಂದವರೂ ಇದ್ದರು. ಬೀದಿಯಲ್ಲಿ ಕಚ್ಚಾಡಿ ಇನ್ನು ಹತ್ತಕ್ಕೆ ಹಂಚುತ್ತಾಳೆ, ಅಷ್ಟೆ.

ಮೊದಲ ವಾರ ನಾನು ಫಿನಾಯಿಲ್ ಸುರಿದು ನೆಲ ಉಜ್ಜಿದ್ದೇ ಉಜ್ಜಿದ್ದು. ಡಾಕ್ಟರು ಅದಕ್ಕೂ ಬೈದರು, ಫಿನಾಯಿಲ್ ಬೆಕ್ಕಿಗೆ ವಿಷ. ಅಷ್ಟೊಂದು ಉಜ್ಜುವ ಅಗತ್ಯವೇ ಇರಲಿಲ್ಲ. ದೇಹದ ಹೊರಗೆ ಈ ವೈರಸ್ ಬಲು ನಾಜೂಕು: ಒಣಗಿದರೆ ಕೆಲವು ಗಂಟೆಗಳಲ್ಲಿ ಸಾಯುತ್ತದೆ, ಪಾತ್ರೆ ಸೋಪಿಗೇ ಸಾಯುತ್ತದೆ. ಇದು ಹರಡುವುದು ನೆಲದಿಂದಲ್ಲ, ನಾಲಿಗೆಯಿಂದ. ಒಂದನ್ನೊಂದು ನೆಕ್ಕುವುದು, ಒಂದೇ ಬಟ್ಟಲಲ್ಲಿ ತಿನ್ನುವುದು, ಕಚ್ಚುವುದು, ತಾಯಿಯಿಂದ ಮರಿಗೆ. ಜಗಳಗಂಟ ಬೆಕ್ಕುಗಳಿಗಿಂತ ಅಕ್ಕರೆಯ ಬೆಕ್ಕುಗಳ ನಡುವೆಯೇ ಸಲೀಸಾಗಿ ದಾಟುತ್ತದೆ. ಯಾರನ್ನೂ ಹತ್ತಿರ ಸೇರಿಸದ ಕರಿಯ ನೆಗೆಟಿವ್, ಸುಬ್ಬಿಯ ಕಿವಿ ನೆಕ್ಕುತ್ತಾ ಮಲಗುತ್ತಿದ್ದ ಬೆಲ್ಲನಿಗೆ ಗೆರೆ.

ಇದು ಅರ್ಥವಾದ ಮೇಲೆ ನನ್ನ ಕೆಲಸ ಹಗುರಾಯಿತು. ಬಟ್ಟಲುಗಳಿಗೆ ನೇಲ್ ಪಾಲಿಷ್ ಚುಕ್ಕೆ ಇಟ್ಟೆ: ಕೆಂಪು ಸುಬ್ಬಿಗೆ, ನೀಲಿ ಬೆಲ್ಲನಿಗೆ. ಮರಳಿನ ಟ್ರೇ ಮೂರು ಕಡೆ ಬೇರೆ ಬೇರೆ. ಬೆಳಗ್ಗೆ ಮೊದಲು ಕೆಳಗಿನವರಿಗೆ ಊಟ, ಆಮೇಲೆ ಬೆಲ್ಲ, ಕೊನೆಗೆ ಸುಬ್ಬಿ. ಆದರೆ ಸುಬ್ಬಿಯ ಕೋಣೆಯಿಂದ ಹೊರಬಂದಾಗ ಮಾತ್ರವಲ್ಲ, ಒಳಗೆ ಹೋಗುವ ಮುಂಚೆಯೂ ಕೈ ತೊಳೆಯುತ್ತಿದ್ದೆ. ಕೆಳಗಿನವರ ಒಂದು ಸಣ್ಣ ನೆಗಡಿಯೂ ಅವಳನ್ನು ಮಲಗಿಸಿಬಿಡಬಹುದಿತ್ತು. ಹಸಿ ಮಾಂಸ, ಹಸಿ ಮೀನು ಬಂದ್. ಚಿಗಟದ ಹನಿ ತಿಂಗಳಿಗೊಮ್ಮೆ ಎಲ್ಲರಿಗೂ, ಬೆಕ್ಕಿನದ್ದೇ. ನಾಯಿಯದ್ದನ್ನು ಹಾಕಿದರೆ ಬೆಕ್ಕು ಸತ್ತೇ ಹೋಗಬಹುದು.

ಮಹಡಿ ಕೋಣೆಗೂ ಜಾಲರಿ ಬಾಗಿಲು ಹಾಕಿಸಿದ್ದೆ, ಸುಬ್ಬಿಗೆ ಬೇಸರವಾಗದಿರಲಿ ಅಂತ. ಒಂದು ಮಧ್ಯಾಹ್ನ ಮೇಲೆ ಹೋದರೆ ಬೆಲ್ಲ ತನ್ನ ಜಾಗದಿಂದ ತಪ್ಪಿಸಿಕೊಂಡು ಬಂದು ಜಾಲರಿಗೆ ಮೂಗು ಒತ್ತಿದ್ದಾಳೆ, ಆ ಕಡೆಯಿಂದ ಸುಬ್ಬಿ ಅವಳ ಮೂಗು ನೆಕ್ಕುತ್ತಿದ್ದಾಳೆ. ಅವತ್ತೇ ಬಡಗಿಯನ್ನು ಕರೆಸಿ ಕೆಳಗಿನ ಎರಡಡಿಗೆ ಪ್ಲೈವುಡ್ ಹೊಡೆಸಿದೆ. ಸುಬ್ಬಿ ಮೂರು ದಿನ ಅದನ್ನು ಕೆರೆದಳು. ಆಮೇಲೆ ಕಿಟಕಿಗೆ ಹೋದಳು, ಸಂಪಿಗೆ ಮರದ ಅಳಿಲು ನೋಡುತ್ತಾ ಹಲ್ಲು ಕಟಕಟ ಅನ್ನಿಸುವುದು ಶುರುವಾಯಿತು.

ಅವಳ ರಕ್ತದಲ್ಲಿ ಪಿಸಿವಿ, ಅಂದರೆ ಕೆಂಪು ಕಣಗಳ ಶೇಕಡಾ ಪಾಲು, 16 ಇತ್ತು. 30ರ ಆಸುಪಾಸಿನಿಂದ ಮೇಲಿರಬೇಕಾದದ್ದು. ಕೆಂಪು ರಕ್ತಕಣಕ್ಕೆ ಅಂಟಿ ಕೂರುವ ಇನ್ನೊಂದು ಸೋಂಕೂ ಜೊತೆಗಿರಬಹುದು ಅಂತ ಡಾಕ್ಟರು ಡಾಕ್ಸಿಸೈಕ್ಲಿನ್ ಕೊಟ್ಟರು. ಈ ಮಾತ್ರೆ ನುಂಗಿಸಿ ಬಿಟ್ಟುಬಿಡಬಾರದು, ಗಂಟಲ ಕೆಳಗೆ ಸಿಕ್ಕಿಕೊಂಡರೆ ಅನ್ನನಾಳವನ್ನೇ ಸುಡುತ್ತದೆ. ಮಾತ್ರೆಗೆ ಬೆಣ್ಣೆ ಸವರಿ ನಾಲಿಗೆ ಹಿಂದಕ್ಕೆ ಹಾಕಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಐದಾರು ಎಂಎಲ್ ನೀರು ಕೆನ್ನೆ ಪಕ್ಕದಿಂದ ನಿಧಾನವಾಗಿ ಬಿಡುತ್ತಿದ್ದೆ. ಮೂರು ವಾರ. ನನ್ನ ಮುಂಗೈ ನೋಡಿದವರು ಹಲಸಿನ ಮರ ಹತ್ತಿದ್ರಾ ಅಂತ ಕೇಳುತ್ತಿದ್ದರು. ಪಿಸಿವಿ 25ಕ್ಕೆ ಬಂತು.

ವೈರಸ್ಸನ್ನೇ ತೆಗೆಯುವ ಔಷಧಿ ಇಲ್ಲ. ನನ್ನ ಕೈಲಿದ್ದದ್ದು ಬೇಗ ಗುರುತಿಸುವುದು. ಪ್ರತಿ ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಪ್ಲಾಸ್ಟಿಕ್ ಟಬ್ ಇಟ್ಟು ತೂಕ, ಕಿಟಕಿ ಬೆಳಕಿನಲ್ಲಿ ವಸಡು, ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು. ಮೂರನ್ನೂ ನೋಟ್‌ಬುಕ್ಕಲ್ಲಿ ಬರೆಯುವುದು. ಬೆಕ್ಕು ನೋವನ್ನು ಮುಚ್ಚಿಡುತ್ತದೆ, ತಕ್ಕಡಿ ಮುಚ್ಚಿಡುವುದಿಲ್ಲ. 3.4 ಕೆಜಿ ಇದ್ದವಳು 3.2 ಆದ ವಾರವೇ ಕರೆದೊಯ್ದೆ. ಆಡುತ್ತಿದ್ದಳು, ತಿನ್ನುತ್ತಿದ್ದಳು, ಆದರೆ ವಸಡಿನ ಹಿಂಭಾಗದಲ್ಲಿ ಹುಣ್ಣು ಶುರುವಾಗಿತ್ತು.

ಬೆಲ್ಲನ ಎರಡನೇ ಪರೀಕ್ಷೆ ಆರು ವಾರಕ್ಕೆ. ಕಿಟ್‌ನಲ್ಲಿ ಗೆರೆ ಇಲ್ಲ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಕಳಿಸಿ, ಜೀವಕೋಶದಲ್ಲಿ ಅವಿತ ವೈರಸ್ಸನ್ನೂ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿದಾಗ ಪಾಸಿಟಿವ್. ಅಂದರೆ ಅವಿತಿದೆ, ಓಡಾಡುತ್ತಿಲ್ಲ. ಇನ್ನೊಮ್ಮೆ ಕಿಟ್ ಹಾಕಿ ನೆಗೆಟಿವ್ ಅಂತ ಖಾತ್ರಿಯಾದ ಮೇಲೆ ಕೆಳಗಿನವರ ಜೊತೆ ಬಿಟ್ಟೆವು. ಡಾಕ್ಟರು ಮೂರು ಎಚ್ಚರಿಕೆ ಹೇಳಿದರು: ಅವಿತದ್ದು ಮತ್ತೆ ಏಳದ ಹಾಗೆ ಸ್ಟೀರಾಯ್ಡ್ ಸುಮ್ಮನೆ ಕೊಡಿಸಬೇಡಿ, ಒತ್ತಡ ಕಡಿಮೆ ಇರಲಿ, ಬೇರೆ ಬೆಕ್ಕಿಗೆ ಇವಳ ರಕ್ತ ಎಂದೂ ಬೇಡ. ಆ ನಾಲ್ಕು ದಿನ ಅವಳನ್ನು ಸುಬ್ಬಿ ಜೊತೆ ಹಾಕಿದ್ದರಿಂದ ಏನಾದರೂ ಕೆಟ್ಟಿತೋ ಅಂತ ಒಮ್ಮೆ ಕೇಳಿದೆ. "ಅದನ್ನ ಈಗ ಅಳೆಯೋಕೆ ಯಾವ ಕಿಟ್ಟೂ ಇಲ್ಲ" ಅಂದರು.

ಸುಬ್ಬಿ ಎರಡು ವರ್ಷ ಎರಡು ತಿಂಗಳು ಇದ್ದಳು. 2025ರ ಮಾರ್ಚ್‌ನಲ್ಲಿ ನೋಟ್‌ಬುಕ್ಕಿನ ಉಸಿರಿನ ಲೆಕ್ಕ 24ರಿಂದ 46ಕ್ಕೆ ಹೋಯಿತು. ಎದೆಯಲ್ಲಿ ಗಡ್ಡೆ, ಸುತ್ತ ನೀರು. ನೀರು ತೆಗೆದರು, ನಾಲ್ಕು ದಿನಕ್ಕೆ ಮತ್ತೆ ತುಂಬಿತು. ಎರಡನೇ ಸಲ ತೆಗೆಸಲಿಲ್ಲ. ಅವಳನ್ನು ಶಾಶ್ವತವಾಗಿ ಮಲಗಿಸುವ ಇಂಜೆಕ್ಷನ್‌ಗೆ ಒಪ್ಪಿಕೊಂಡೆ, ಅತ್ತೆಯೂ ಆಸ್ಪತ್ರೆಗೆ ಬಂದಿದ್ದರು.

ಈ ಮಳೆಗಾಲದಲ್ಲಿ ಗೇಟಿನ ಹತ್ತಿರ ಇನ್ನೊಂದು ಮರಿ ಸಿಕ್ಕಿದೆ. ಸ್ನಾನಕ್ಕೂ ಮುಂಚೆ ಟೆಸ್ಟ್ ಮಾಡಿಸಿದೆ, ನೆಗೆಟಿವ್. ಆದರೆ ಇತ್ತೀಚೆಗೆ ತಗುಲಿದ್ದರೆ ಕಿಟ್‌ಗೆ ಗೊತ್ತಾಗುವುದಿಲ್ಲ, ಒಂದು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು. ಅಲ್ಲಿಯವರೆಗೆ ಅದಕ್ಕೆ ಸುಬ್ಬಿಯ ಕೋಣೆ, ಹಳದಿ ಚುಕ್ಕೆಯ ಬಟ್ಟಲು. ಬೆಲ್ಲ ಆಗಲೇ ಪ್ಲೈವುಡ್ ಕೆಳಗಿನ ಸಂದಿಯಲ್ಲಿ ಪಂಜ ತೂರಿಸುವುದನ್ನು ಕಲಿತಿದ್ದಾಳೆ. ಅಲ್ಲಿಗೊಂದು ಹಳೇ ಟವೆಲ್ ತುರುಕಬೇಕು.