ಲಾಸಿಕ್‌ಗೆ ಒಪ್ಪುವ ಮೊದಲು ಕಾರ್ನಿಯಾದ ಲೆಕ್ಕ ನೋಡುವ ಬಗೆ

ಸಮೀಪದೃಷ್ಟಿಯ ಕನ್ನಡಕ ಬಿಡಿಸುವ ಲಾಸಿಕ್ ಲೇಸರ್ ಚಿಕಿತ್ಸೆಯಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಒಂದಿಷ್ಟು ಅಂಗಾಂಶವನ್ನು ಶಾಶ್ವತವಾಗಿ ಸವೆಸಲಾಗುತ್ತದೆ. ಕಣ್ಣಿನೊಳಗಿನ ಒತ್ತಡವನ್ನು ತಡೆದು ನಿಂತ ಪದರವೇ ತೆಳುವಾಗುವುದರಿಂದ, ಅದನ್ನು ತಾಳಲಾರದ ಕೆಲವೇ ಕಣ್ಣುಗಳಲ್ಲಿ ಕಾರ್ನಿಯಾ ತಿಂಗಳುಗಳ ಅಥವಾ ವರ್ಷಗಳ ನಂತರ ಮುಂದಕ್ಕೆ ಉಬ್ಬಿ ದೃಷ್ಟಿಯನ್ನು ಕೆಡಿಸುತ್ತದೆ. ಇದಕ್ಕೆ ಎಕ್ಟೇಸಿಯಾ ಎನ್ನುತ್ತಾರೆ.

ಪರೀಕ್ಷೆಗೆ ಮುನ್ನ ಮೃದು ಕಾಂಟ್ಯಾಕ್ಟ್ ಲೆನ್ಸನ್ನು ಸುಮಾರು ಎರಡು ವಾರ, ಗಡುಸು ಲೆನ್ಸನ್ನು ಕನಿಷ್ಠ ನಾಲ್ಕು ವಾರ ಬಿಟ್ಟಿರಬೇಕು. ಇಲ್ಲವಾದರೆ ಲೆನ್ಸ್ ಒತ್ತಿದ ಆಕಾರವೇ ಅಳತೆಯಲ್ಲಿ ದಾಖಲಾಗುತ್ತದೆ.

ವರದಿಯಲ್ಲಿ ಕಾರ್ನಿಯಾದ ಅತಿ ತೆಳುವಾದ ಬಿಂದುವಿನ ದಪ್ಪವನ್ನು ಹುಡುಕಿ. ಅದು 520 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್), ಕನ್ನಡಕದ ಪವರ್ ಮೈನಸ್ 8 ಎಂದಿಟ್ಟುಕೊಳ್ಳೋಣ. ಚಿಕಿತ್ಸೆಯ ವಲಯ 6.5 ಮಿಲಿಮೀಟರ್ ಅಗಲವಿದ್ದರೆ, ಅಗಲದ ವರ್ಗವನ್ನು ಮೂರರಿಂದ ಭಾಗಿಸುವ ಸ್ಥೂಲ ಸೂತ್ರದ ಪ್ರಕಾರ ಪ್ರತಿ ಡಯಾಪ್ಟರಿಗೆ, ಅಂದರೆ ಪವರಿನ ಒಂದೊಂದು ಅಂಕಕ್ಕೆ, ಸುಮಾರು 14 ಮೈಕ್ರಾನ್, ಒಟ್ಟು ಹತ್ತಿರಹತ್ತಿರ 113 ಮೈಕ್ರಾನ್ ಸವೆಯುತ್ತದೆ. ಇದಕ್ಕೆ ಲೇಸರ್ ಹಾಯಿಸುವ ಮೊದಲು ಮುಚ್ಚಳದಂತೆ ಕತ್ತರಿಸಿ ಎತ್ತುವ ಮೇಲ್ಪದರವಾದ 110 ಮೈಕ್ರಾನಿನ ಫ್ಲ್ಯಾಪನ್ನೂ ಸೇರಿಸಬೇಕು, ಏಕೆಂದರೆ ಎತ್ತಿ ಮತ್ತೆ ಹೊದಿಸಿದ ಆ ಪದರ ಅಂಚಿನಲ್ಲಷ್ಟೇ ಗಟ್ಟಿಯಾಗಿ ಕೂಡಿಕೊಳ್ಳುತ್ತದೆಯೇ ಹೊರತು ಭಾರ ಹೊರುವ ಕೆಲಸಕ್ಕೆ ಹೆಚ್ಚೇನೂ ಒದಗುವುದಿಲ್ಲ. ಉಳಿಯುವ ತಳ 297 ಮೈಕ್ರಾನ್. ತಳ ಕನಿಷ್ಠ 250 ಮೈಕ್ರಾನ್ ಉಳಿಯಬೇಕೆಂಬ ಹಳೆಯ ಮಿತಿಗೆ ಇದು ಸಲೀಸಾಗಿ ಪಾಸು. ಆದರೆ ಫ್ಲ್ಯಾಪ್ ಮತ್ತು ಸವೆತ ಎರಡೂ ಸೇರಿ ಒಟ್ಟು ದಪ್ಪದ ಶೇ. 43ರಷ್ಟಾಗುತ್ತದೆ, ಶೇ. 40 ಮುಟ್ಟಿದರೇ ಅಪಾಯ ಹೆಚ್ಚೆಂದು ಪರಿಗಣಿಸಲಾಗುತ್ತದೆ. ಕಾರ್ನಿಯಾದ ಮುಂಭಾಗದ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿದ್ದು ಹಿಂಭಾಗಕ್ಕಿಂತ ಬಲಿಷ್ಠವಾಗಿರುವುದರಿಂದ, ಉಳಿದದ್ದೆಷ್ಟು ಎನ್ನುವುದರ ಜೊತೆಗೆ ಹೋದದ್ದೆಷ್ಟು ಎಂದೂ ಕೇಳಲೇಬೇಕು. "ದಪ್ಪ ಸಾಕಷ್ಟಿದೆ" ಎಂಬ ಒಂದೇ ಮಾತಿಗೆ ತೃಪ್ತರಾಗುವುದು ನನ್ನ ಮಟ್ಟಿಗೆ ಸರಿಯಲ್ಲ.

ದಪ್ಪಕ್ಕಿಂತಲೂ ಮುಖ್ಯವಾದದ್ದು ಆಕಾರದ ನಕ್ಷೆ. ಬಣ್ಣದ ನಕ್ಷೆಯಲ್ಲಿ ಕೆಳಭಾಗ ಮಾತ್ರ ಕಡಿದಾಗಿದ್ದರೆ, ಅಥವಾ ಹಿಂಬದಿಯ ಮೇಲ್ಮೈ ಉಬ್ಬಿದ್ದರೆ, ಅದು ಕಾರ್ನಿಯಾ ತಾನಾಗಿಯೇ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್‌ನ ಮೊದಲ ಸುಳಿವಿರಬಹುದು. ಅಂಥ ಕಣ್ಣಿಗೆ ಲಾಸಿಕ್ ಬೇಡ. ವಯಸ್ಸು ಚಿಕ್ಕದಿದ್ದರೆ, ಪವರ್ ಇನ್ನೂ ಏರುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್ ಇದ್ದರೆ, ಅಲರ್ಜಿಯಿಂದ ಕಣ್ಣುಜ್ಜುವ ಅಭ್ಯಾಸವಿದ್ದರೆ ವೈದ್ಯರು ಕೇಳದಿದ್ದರೂ ತಿಳಿಸಿ.

ಲೆಕ್ಕ ಕೂಡದಿದ್ದರೆ ಬೇರೆ ದಾರಿಗಳಿವೆ. ಕಾರ್ನಿಯಾದ ಮೇಲ್ಮೈಯಲ್ಲೇ ಲೇಸರ್ ಹಾಯಿಸುವ ಪಿಆರ್‌ಕೆಯಲ್ಲಿ ಫ್ಲ್ಯಾಪ್ ಇಲ್ಲ, ಆದರೆ ಕೆಲವು ದಿನ ನೋವಿರುತ್ತದೆ ಮತ್ತು ಪವರ್ ಹೆಚ್ಚಿದ್ದಲ್ಲಿ ಮಸುಕು ಉಳಿಯುವ ಸಂಭವವಿದೆ. ಸಣ್ಣ ಸೀಳಿನ ಮೂಲಕ ಕಾರ್ನಿಯಾದೊಳಗಿನ ತೆಳು ತುಣುಕನ್ನು ತೆಗೆಯುವ ಸ್ಮೈಲ್ ವಿಧಾನದಲ್ಲಿ ಮೇಲ್ಪದರದ ನಾರುಗಳು ಕಡಿಮೆ ತುಂಡಾಗುತ್ತವೆಯಾದರೂ ಅದರ ನಂತರವೂ ಎಕ್ಟೇಸಿಯಾ ಕಂಡುಬಂದಿದೆ. ಪವರ್ ತೀರಾ ಹೆಚ್ಚಿದ್ದವರು ಕಣ್ಣಿನೊಳಗೆ ಕೂರಿಸುವ ಐಸಿಎಲ್ ಎಂಬ ಲೆನ್ಸ್ ಬಗ್ಗೆ ವಿಚಾರಿಸಬಹುದು, ಅದು ಕಾರ್ನಿಯಾವನ್ನು ಸವೆಸುವುದಿಲ್ಲ.

ಚಿಕಿತ್ಸೆಯ ಬಳಿಕ ಕಣ್ಣುಜ್ಜಬಾರದು. ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಫ್ಲ್ಯಾಪ್ ಸರಿಯಬಹುದು. ಪವರ್ ಮತ್ತೆ ಏರಿದರೆ, ಅದರಲ್ಲೂ ಕಾರ್ನಿಯಾದ ಅಸಮ ವಕ್ರತೆಗೆ ಕೊಡುವ ಸಿಲಿಂಡರ್ ಪವರ್ ಹೆಚ್ಚಿದರೆ, ಹೊಸ ಕನ್ನಡಕ ಮಾಡಿಸುವ ಮೊದಲು ನಕ್ಷೆ ತೆಗೆಸಿ; ಉಬ್ಬುವಿಕೆ ಬೇಗ ಗೊತ್ತಾದರೆ ರೈಬೋಫ್ಲೇವಿನ್ ಹನಿ ಮತ್ತು ನೇರಳಾತೀತ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್‌ನಿಂದ ಅದನ್ನು ತಡೆಯುವ ಸಾಧ್ಯತೆಯಿದೆ. ತೆಳುವಾದ ಕಾರ್ನಿಯಾದಲ್ಲಿ ಕಣ್ಣಿನ ಒತ್ತಡ ವಾಸ್ತವಕ್ಕಿಂತ ಕಡಿಮೆ ತೋರುವುದರಿಂದ ಗ್ಲಾಕೋಮಾ ತಪಾಸಣೆಯಲ್ಲಿ ಲಾಸಿಕ್ ಆಗಿದೆಯೆಂದು ಹೇಳಬೇಕು. ಮುಂದೆ ಪೊರೆಯ ಶಸ್ತ್ರಚಿಕಿತ್ಸೆಗೆ ಲೆನ್ಸ್ ಲೆಕ್ಕ ಹಾಕುವವರಿಗೂ ಚಿಕಿತ್ಸೆಗೆ ಮುಂಚಿನ ವರದಿ ನೆರವಾಗುವುದರಿಂದ, ಅದರ ಪ್ರತಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆದಿಟ್ಟುಕೊಳ್ಳಿ.