ಮೊದಲ ಲಿವರ್ ಆಕ್ಷನ್ ರೈಫಲ್: ತೋಟಾ ಮೊದಲು, ಕೋವಿ ಆಮೇಲೆ

ಮೊದಲ ಲಿವರ್ ಆಕ್ಷನ್ ರೈಫಲ್ (ಹಿಡಿಯ ಕೆಳಗಿನ ಲಿವರನ್ನು ಎಳೆದು ಮುಚ್ಚಿ ಮುಂದಿನ ತೋಟಾ ಕೂರಿಸುವ ಕೋವಿ) ಕೊಳ್ಳಬೇಕೆಂದು ಅಮೆರಿಕದ ಯಾವ ಅಂಗಡಿಯಲ್ಲಿ ವಿಚಾರಿಸಿದರೂ ಹೆಚ್ಚುಕಡಿಮೆ ಒಂದೇ ಉತ್ತರ ಸಿಗುತ್ತದೆ: .30-30 ತೋಟಾದ ವಿಂಚೆಸ್ಟರ್ 94 ಅಥವಾ ಮಾರ್ಲಿನ್ 336 ಕೊಳ್ಳಿ, ಉಳಿದದ್ದನ್ನು ಆಮೇಲೆ ಯೋಚಿಸಿ. ನಾನು ಅವೆರಡನ್ನೂ ಬಿಟ್ಟು, ರಿವಾಲ್ವರಿಗೆಂದು ಬಂದ .357 ಮ್ಯಾಗ್ನಮ್ ತೋಟಾ ಹಾರಿಸುವ, 1892ರ ವಿಂಚೆಸ್ಟರ್ ಮಾದರಿಯ ಪುಟ್ಟ ರೈಫಲೊಂದನ್ನು ಕೊಂಡಾಗ ನನ್ನ ಬೇಟೆಯ ಜೊತೆಗಾರರಲ್ಲಿ ಒಬ್ಬರೂ ಅದನ್ನು ಒಪ್ಪಲಿಲ್ಲ. ರಿವಾಲ್ವರಿನ ತೋಟಾಕ್ಕೆ ಜಿಂಕೆ ಬೀಳುವುದಿಲ್ಲ, ಗಾಯಗೊಂಡು ಕಾಡು ಸೇರುತ್ತದೆ ಎಂಬುದು ಅವರ ವಾದವಾಗಿತ್ತು. ಕಳೆದ ಗನ್ ಸೀಸನ್ (ಕೋವಿಯಿಂದ ಜಿಂಕೆ ಬೇಟೆಯಾಡಲು ಒಪ್ಪಿರುವ ದಿನಗಳು) ಮುಗಿದ ಮೇಲೆ ಅವರಲ್ಲಿ ಇಬ್ಬರು ಅದೇ ತೋಟಾದ ರೈಫಲಿಗಾಗಿ ಹುಡುಕಾಡುತ್ತಿರುವುದರಿಂದ, ನಾನು ಅದನ್ನು ಆರಿಸಿಕೊಂಡ ಬಗೆಯನ್ನು ಬರೆಯಲು ಈಗ ಸಂಕೋಚವಿಲ್ಲ.

ನಾನಿರುವ ಒಹಾಯೊ ರಾಜ್ಯದ ಕಾನೂನು ಆಯ್ಕೆಯ ಅರ್ಧ ಕೆಲಸವನ್ನು ತಾನೇ ಮಾಡಿಕೊಟ್ಟಿತು. ಇಲ್ಲಿ 2014ರಿಂದ ಜಿಂಕೆ ಬೇಟೆಗೆ ತೋಟಾ ರೈಫಲುಗಳನ್ನು ಒಪ್ಪಿದ್ದಾರೆ. ಆದರೆ ತೋಟಾದ ಕೇಸು (ಮದ್ದು ತುಂಬುವ ಲೋಹದ ಕೊಳವೆ) ಬುಡದಿಂದ ಬಾಯಿಯವರೆಗೆ ನೇರವಾಗಿರಬೇಕು ಮತ್ತು ಗುಂಡಿನ ವ್ಯಾಸ .357ರಿಂದ .50 ಇಂಚಿನೊಳಗಿರಬೇಕು. .30-30ರ ಕೇಸು ಕತ್ತಿನ ಬಳಿ ಕಿರಿದಾಗುವುದರಿಂದ ಅದು ಎಷ್ಟೇ ಹೆಸರುವಾಸಿಯಾಗಿದ್ದರೂ ಈ ರಾಜ್ಯದ ಜಿಂಕೆಗೆ ಅದನ್ನು ಬಳಸುವಂತಿಲ್ಲ. ಇಲ್ಲಿನ ಅಂಗಡಿಯವರೂ ಅದನ್ನೇ ಮುಂದೆ ಮಾಡಿ ಮಾರುವುದು ನನಗೆ ಇಂದಿಗೂ ಸೋಜಿಗದ ಸಂಗತಿ. ಇನ್ನೊಂದು ನಿಯಮದಂತೆ ಜಿಂಕೆಗೆ ಹೊರಟಾಗ ರೈಫಲಿನಲ್ಲಿ ಒಟ್ಟು ಮೂರು ತೋಟಾಗಳಿಗಿಂತ ಹೆಚ್ಚು ಬಾರು ಮಾಡುವಂತಿಲ್ಲವಾದ್ದರಿಂದ, ಹತ್ತು ತೋಟಾ ಹಿಡಿಯುತ್ತದೆಂಬ ಕಾರಣಕ್ಕೆ ಉದ್ದ ನಳಿಗೆಗೆ ಹೆಚ್ಚು ಹಣ ತೆರುವುದರಲ್ಲಿ ಬೇಟೆಗಾರನಿಗೆ ಲಾಭವಿಲ್ಲ.

ಕಾಗದಪತ್ರದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗ್ರೀನ್ ಕಾರ್ಡ್ ಇರುವವರು ಕೋವಿ ಖರೀದಿಯ ಸರ್ಕಾರಿ ಅರ್ಜಿಯಾದ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬಹುದು. ಎಚ್-1ಬಿ ವೀಸಾದವರಿಗೆ ಸಾಮಾನ್ಯವಾಗಿ ನಿಷೇಧವಿದ್ದು, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ನಾನು ಗ್ರೀನ್ ಕಾರ್ಡ್ ಬರುವವರೆಗೂ ಕಾದೆ. ಆ ಅವಧಿಯಲ್ಲಿ ಸ್ನೇಹಿತರ ರೈಫಲುಗಳನ್ನು ಅವರ ಎದುರಿನಲ್ಲೇ ರೇಂಜಿನಲ್ಲಿ ಹಾರಿಸಿ ನೋಡಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಎಲ್ಲಕ್ಕಿಂತ ಹೆಚ್ಚು ಆಸೆ ಹುಟ್ಟಿಸಿದ್ದು .45-70. 1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ಆ ತೋಟಾ ಹೆಬ್ಬೆರಳಿನಷ್ಟು ದಪ್ಪವಿದ್ದು ಕೈಗೆ ಬಂದೊಡನೆ ಮನಸ್ಸನ್ನು ಸೆಳೆಯುತ್ತದೆ. ಆದರೆ ಹಗುರವಾದ ರೈಫಲಿನಲ್ಲಿ ಅದು ಒದೆಯುವ ರೀತಿಗೆ ಒಂದು ಡಬ್ಬ ತೋಟಾ ಮುಗಿಯುವಷ್ಟರಲ್ಲಿ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳತೊಡಗಿತ್ತು, ಮತ್ತು ಪ್ರತಿ ಈಡಿಗೆ ಎರಡೂವರೆ ಮೂರು ಡಾಲರ್ ಖರ್ಚಾಗುತ್ತಿತ್ತು. ಆಮೇಲೆ .44 ಮ್ಯಾಗ್ನಮ್‌ನ ಹಳೆಯ ರೈಫಲೊಂದನ್ನು ಸುಮಾರು ಒಂಬೈನೂರು ಡಾಲರಿಗೆ ಕೊಂಡೆ. ಅದರ ನಳಿಗೆಯ ತುದಿಯಲ್ಲಿನ ಗುರಿಮಣಿ ಎಡಕ್ಕೆ ವಾಲಿಕೊಂಡಿತ್ತು. ಹಿಂದಿನ ಸೈಟನ್ನು (ಗುರಿ ನೋಡುವ ಕಚ್ಚನ್ನು) ಅಂಚಿನವರೆಗೆ ಸರಿಸಿದರೂ ಐವತ್ತು ಗಜದಲ್ಲಿ ಗುಂಡು ಅಂಗೈ ಅಗಲ ಪಕ್ಕಕ್ಕೆ ಬೀಳುತ್ತಿತ್ತು. ನಳಿಗೆಯನ್ನು ತಿರುಗಿಸಿ ಕೂರಿಸಲು ಗನ್‌ಸ್ಮಿತ್ ಕೇಳಿದ ಕೂಲಿ ನನಗೆ ಹೆಚ್ಚೆನಿಸಿತು, ಮಾರಿದವರು ಹಿಂತಿರುಗಿ ಪಡೆಯಲಿಲ್ಲ. ಕೊನೆಗೆ ಇನ್ನೂರೈವತ್ತರಷ್ಟು ನಷ್ಟಕ್ಕೆ ಅದನ್ನು ಕೈಬಿಟ್ಟೆ. ಬಳಸಿದ ಲಿವರ್ ರೈಫಲ್ ನೋಡುವವರು ಮರದ ಹೊಳಪಿಗೆ ಮರುಳಾಗುವ ಮುನ್ನ, ಬುಡವನ್ನು ಭುಜದ ಮಟ್ಟಕ್ಕೆ ಹಿಡಿದು ರಿಸೀವರಿನ (ನಳಿಗೆಯ ಹಿಂದಿನ ಲೋಹದ ದೇಹದ) ಚಪ್ಪಟೆ ಅಂಚಿಗೆ ಗುರಿಮಣಿ ಲಂಬವಾಗಿದೆಯೇ ಎಂದು ಹಿಂದಿನಿಂದ ನೋಡಬೇಕು.

ಇಷ್ಟಾದ ಮೇಲೆ ನಾನು ಕೋವಿಯನ್ನು ಬದಿಗಿಟ್ಟು ತೋಟಾದ ಲೆಕ್ಕ ಹಾಕಿದೆ. ಗುರಿ ಕೈಗೆ ಹತ್ತಬೇಕಾದರೆ ತಿಂಗಳಿಗೆ ನೂರು ಈಡಾದರೂ ಹಾರಿಸಬೇಕು ಎಂದುಕೊಂಡರೆ, .45-70ಕ್ಕೆ ಇನ್ನೂರೈವತ್ತು ಡಾಲರಿಗೂ ಮೇಲೆ, .44ಕ್ಕೆ ನೂರರ ಆಸುಪಾಸು, .357ಕ್ಕೆ ಅರವತ್ತು ಎಪ್ಪತ್ತು ಬೇಕಾಗುತ್ತಿತ್ತು. .357ರ ರೈಫಲಿನಲ್ಲಿ ಅದಕ್ಕಿಂತ ಗಿಡ್ಡದಾದ .38 ಸ್ಪೆಷಲ್ ತೋಟಾ ಕೂಡ ಹಾರುತ್ತದೆ, ಅದು ನಲವತ್ತಕ್ಕೆ ಮುಗಿಯುತ್ತಿತ್ತು, ಭುಜಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ. ಈಗ ಖಾಲಿ ಕೇಸುಗಳಿಗೆ ಮದ್ದು, ಗುಂಡು ತುಂಬಿ ನಾನೇ ತೋಟಾ ಕಟ್ಟುವುದರಿಂದ ಖರ್ಚು ಅದರ ಅರ್ಧಕ್ಕಿಳಿದಿದೆ. ನನ್ನ ಮದ್ದಿನ ಹೆಸರನ್ನೂ ತೂಕವನ್ನೂ ಇಲ್ಲಿ ಕೊಡುವುದಿಲ್ಲ. ಕೈಪಿಡಿ ಇಟ್ಟುಕೊಂಡು ನೀವೇ ಕಂಡುಕೊಳ್ಳಿ.

ಶಕ್ತಿಯ ಪ್ರಶ್ನೆಗೂ ಉತ್ತರ ಇಲ್ಲೇ ಇತ್ತು. 158 ಗ್ರೇನಿನ (ಸುಮಾರು ಹತ್ತು ಗ್ರಾಂ) .357 ಗುಂಡು ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಟರೆ, ಇಪ್ಪತ್ತು ಇಂಚಿನ ನಳಿಗೆಯಲ್ಲಿ ಮದ್ದಿನ ಒತ್ತಡ ಹೆಚ್ಚು ಹೊತ್ತು ಗುಂಡನ್ನು ತಳ್ಳುವುದರಿಂದ ಅದೇ ತೋಟಾ 1,750ರ ಆಸುಪಾಸಿಗೆ ಏರುತ್ತದೆ. ಅಂದರೆ ನೂರು ಗಜ ಸಾಗಿದ ಮೇಲೂ ಅದರಲ್ಲಿ ರಿವಾಲ್ವರಿನ ಬಾಯಲ್ಲಿರುವಷ್ಟು ವೇಗ ಉಳಿದಿರುತ್ತದೆ. ಆಗ್ನೇಯ ಒಹಾಯೊದ ಗುಡ್ಡಗಳ ಪೊದೆಗಾಡಿನಲ್ಲಿ ನೂರು ಗಜ ತೆರವಾಗಿ ಕಾಣುವ ಜಾಗ ಸಿಗುವುದೇ ಅಪರೂಪ.

ಕೊಂಡ ರೈಫಲಿಗೆ ಏಳುನೂರೈವತ್ತು ಡಾಲರಿನಷ್ಟಾಯಿತು. ಜಾನ್ ಬ್ರೌನಿಂಗ್ ರೂಪಿಸಿದ 1892ರ ಮಾದರಿಯನ್ನು ಈಗ ಹಲವರು ತಯಾರಿಸುತ್ತಾರೆ, ನನ್ನದು ಯಾರದ್ದೆಂಬುದು ಮುಖ್ಯವಲ್ಲ. ಹಾರಿಸುವಾಗ ತೋಟಾದ ಹಿಂಬದಿಯನ್ನು ಭದ್ರವಾಗಿ ಮುಚ್ಚುವ ಬೀಗದ ಗಟ್ಟಿತನ ಚೆನ್ನಾಗಿದ್ದರೂ ಹೊಸದರಲ್ಲಿ ಲಿವರ್ ಕರಕರ ಎನ್ನುತ್ತಿತ್ತು, ತೋಟಾ ತೂರಿಸುವ ಬದಿಯ ಬಾಗಿಲಿನ ಸ್ಪ್ರಿಂಗ್ ಎಷ್ಟು ಬಿಗಿಯಾಗಿತ್ತೆಂದರೆ ಐದಾರು ತೋಟಾ ತುಂಬುವಷ್ಟರಲ್ಲಿ ಹೆಬ್ಬೆರಳಿನ ಉಗುರಿನ ಬುಡ ಸುಲಿದು ರಕ್ತ ಜಿನುಗುತ್ತಿತ್ತು. ಬಾಗಿಲಿನ ಒಳ ಅಂಚನ್ನು ಅತಿ ನಯವಾದ ಮರಳುಕಾಗದದಿಂದ ಉಜ್ಜಿ ಮೂಲೆ ಮುರಿದೆ. ಲಿವರಿಗೆ ಮಾಡಿದ ಚಿಕಿತ್ಸೆ ಸರಳ: ಚಳಿಗಾಲದ ಸಂಜೆಗಳಲ್ಲಿ ಕ್ರಿಕೆಟ್ ನೋಡುತ್ತ, ಡಮ್ಮಿ ತೋಟಾ ಹಾಕಿ, ಸಾವಿರಗಟ್ಟಲೆ ಸಲ ಎಳೆದು ಮುಚ್ಚಿದೆ. ಎಜೆಕ್ಟರ್ ಸ್ಪ್ರಿಂಗನ್ನು ಸಡಿಲಿಸಿದ ಬಗೆಯನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅಳತೆ ತುಸು ಮೀರಿದರೂ ಖಾಲಿ ಕೇಸು ಹೊರಗೆ ಹಾರುವುದಿಲ್ಲ. ಈಗ ಖಾಲಿ ಕೇಸುಗಳು ಇಪ್ಪತ್ತಡಿ ದೂರ ಚಿಮ್ಮದೆ ಕಾಲಬುಡದಲ್ಲೇ ಬೀಳುತ್ತವೆ. ತೋಟಾ ಕಟ್ಟುವವನಿಗೆ ಅದೇ ಉಳಿತಾಯ.

.38ರ ಗಿಡ್ಡ ತೋಟಾಗಳು ಕೊಟ್ಟ ಕಾಟವನ್ನೂ ಹೇಳಬೇಕು. ಮೂತಿ ಕೇಸಿನ ಮಟ್ಟಕ್ಕೇ ಚಪ್ಪಟೆಯಾಗಿರುವ ವ್ಯಾಡ್‌ಕಟರ್‌ಗಳು ಮೇಲೇರುವ ದಾರಿಯಲ್ಲಿ ವಾಲಿ ಸಿಕ್ಕಿಕೊಳ್ಳುತ್ತಿದ್ದವು. ಮೂತಿ ಮುಂದೆ ಚಾಚಿ ತುದಿಯಷ್ಟೇ ಚಪ್ಪಟೆಯಾದ ಗುಂಡುಗಳಿಗೆ ಬದಲಾಯಿಸಿದ ಮೇಲೆ ಸಿಕ್ಕಿಕೊಂಡಿಲ್ಲ. ತುದಿ ಚೂಪಾಗಿರಬಾರದು ಎಂಬುದನ್ನು ನಿಮಗೆ ಹೇಳಬೇಕಿಲ್ಲ: ಕೊಳವೆ ಮ್ಯಾಗಜಿನ್ನಿನಲ್ಲಿ ಹಿಂದಿನ ಗುಂಡಿನ ಮೂತಿ ಮುಂದಿನದರ ಪ್ರೈಮರಿಗೆ, ಅಂದರೆ ಬಡಿದರೆ ಹೊತ್ತಿಕೊಳ್ಳುವ ಬುಡದ ಬಿಲ್ಲೆಗೆ, ಒತ್ತಿಕೊಂಡಿರುತ್ತದೆ. .38 ಹಾರಿಸಿದ ದಿನ ಚೇಂಬರಿನಲ್ಲಿ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಜಾಗ) ಕಟ್ಟುವ ಮಸಿಯ ಉಂಗುರವನ್ನು ಬ್ರಷ್‌ನಿಂದ ತೆಗೆಯದೆ .357 ಹಾಕಿದರೆ ತೋಟಾ ಬಿಗಿಯಾಗಿ ಕೂರುತ್ತದೆ.

ಸ್ಕೋಪ್ (ಗುರಿ ನೋಡುವ ದುರ್ಬೀನು) ಇಲ್ಲದ ರೈಫಲ್ ಎಂಬುದು ಜೊತೆಗಾರರ ಎರಡನೆಯ ಆಕ್ಷೇಪಣೆ. ಈ ಮಾದರಿ ಕೇಸನ್ನು ನೇರ ಮೇಲಕ್ಕೆ ಉಗುಳುವುದರಿಂದ ಮಾರ್ಲಿನ್ನಿನಂತೆ ತಲೆಯ ಮೇಲೆ ಸ್ಕೋಪ್ ಕೂರಿಸುವಂತಿಲ್ಲ, ಐವತ್ತರ ಅಂಚಿನಲ್ಲಿರುವ ನನ್ನ ಕಣ್ಣಿಗೆ ಅದರ ಜೊತೆ ಬಂದ ಕಚ್ಚಿನ ಸೈಟು ಮಂಜಾಗಿ ಕಾಣುತ್ತಿತ್ತು. ನೂರು ಡಾಲರಿನೊಳಗೆ ಸಿಕ್ಕ, ಪುಟ್ಟ ರಂಧ್ರದ ಮೂಲಕ ನೋಡುವ ಪೀಪ್ ಸೈಟನ್ನು ಹಿಂದಕ್ಕೆ ಹಾಕಿಸಿದೆ. ಅದರ ರಂಧ್ರವನ್ನು ನೋಡುವ ಗೋಜಿಲ್ಲ. ಕಣ್ಣು ತಾನಾಗಿ ನಡುವನ್ನು ಹಿಡಿಯುತ್ತದೆ, ಗಮನವೆಲ್ಲ ಮುಂದಿನ ಮಣಿಯ ಮೇಲೆ. ಐವತ್ತು ಗಜದಲ್ಲಿ ಐದಿಂಚಿಗೆ ಹರಡುತ್ತಿದ್ದ ಗುಂಡುಗಳು ಎರಡಿಂಚಿಗೆ ಇಳಿದವು. ಸ್ಕೋಪ್ ಹಾಕಿದ ಸ್ನೇಹಿತನೊಬ್ಬನ ಗುರಿಕಾಗದ ಅದೇ ದಿನ ಅದಕ್ಕಿಂತ ಚೆನ್ನಾಗಿರಲಿಲ್ಲ ಎಂಬುದನ್ನು ಹೇಳದಿರಲಾರೆ.

ನಮ್ಮ ಊರು ಕೊಡಗಿನ ಕಡೆಯದಾದ್ದರಿಂದ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಕೈಲ್ ಮುಹೂರ್ತದ (ಕೊಡವರ ಆಯುಧಪೂಜೆಯ ಹಬ್ಬ) ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳನ್ನು ನೋಡುತ್ತ ಬೆಳೆದವನು ನಾನು. ಇಂಡಿಯನ್ ಅಂಗಡಿಯಿಂದ ಹತ್ತಾರು ಕಾಯಿ ತಂದು ಸ್ನೇಹಿತನ ಜಮೀನಿನ ಮಣ್ಣುದಿಬ್ಬದ ಮುಂದೆ ಕಟ್ಟಿದೆವು. .38ರ ಸೀಸದ ಗುಂಡು ಎರಡು ಕಡೆ ತೂತು ಮಾಡಿ ನೀರು ಸುರಿಸಿ ಸುಮ್ಮನಾದರೆ, .357ರ ಸಾಫ್ಟ್ ಪಾಯಿಂಟ್ (ಮೃದು ತುದಿ ತಗುಲಿದೊಡನೆ ಅರಳುವ ಗುಂಡು) ತಗುಲಿದ ಕಾಯಿಯಲ್ಲಿ ಹಗ್ಗಕ್ಕೆ ಅಂಟಿದ ಜುಟ್ಟು ಮಾತ್ರ ಉಳಿಯುತ್ತಿತ್ತು. ಇದರಿಂದ ಜಿಂಕೆಯ ಬಗ್ಗೆ ಏನೂ ಸಾಬೀತಾಗುವುದಿಲ್ಲ ಎಂದು ಗೊತ್ತಿದ್ದರೂ ನನ್ನ ಧೈರ್ಯ ಹೆಚ್ಚಿದ್ದು ಸುಳ್ಳಲ್ಲ.

ಜಿಂಕೆ ಬಂದದ್ದು ಥ್ಯಾಂಕ್ಸ್‌ಗಿವಿಂಗ್ ನಂತರದ ವಾರದಲ್ಲಿ, ಹೊತ್ತು ಮುಳುಗುವ ಮುನ್ನ, ಸುಮಾರು ಅರವತ್ತು ಗಜದಲ್ಲಿ. ಬಿಳಿಬಾಲದ ಹೆಣ್ಣು. ಅಡ್ಡಲಾಗಿ ತಿರುಗುವವರೆಗೆ ಕಾದು, ಕೋವಿಯ ಕುದುರೆಯನ್ನು (ತೋಟಾಕ್ಕೆ ಬಡಿಯುವ ಸುತ್ತಿಗೆ) ಅರ್ಧದಿಂದ ಪೂರ್ತಿ ಎಳೆದು, ಮುಂಗಾಲಿನ ಹಿಂಬದಿಗೆ ಮಣಿಯಿಟ್ಟು ಹೊಡೆದೆ. ನಲವತ್ತು ಗಜದಷ್ಟು ಓಡಿ ಒಣ ಎಲೆಯ ಮೇಲೆ ಬಿತ್ತು. ಗುಂಡು ಎರಡೂ ಪುಪ್ಪುಸಗಳನ್ನು ದಾಟಿ ಆಚೆ ಬದಿಯಲ್ಲಿ ಹೊರಬಂದಿತ್ತು, ಮಾಂಸ ಕೆಟ್ಟಿದ್ದು ಬಹಳ ಕಡಿಮೆ. ಅನುಮಾನ ಪಟ್ಟಿದ್ದವರಲ್ಲಿ ಒಬ್ಬರು ಅದನ್ನು ಎಳೆಯಲು ಬಂದು, ಹೊರದಾರಿಯ ತೂತಿಗೆ ಬೆರಳಿಟ್ಟು ನೋಡಿ, ತೋಟಾ ಯಾವ ಕಂಪನಿಯದ್ದೆಂದು ಮಾತ್ರ ಕೇಳಿದರು.

ಈ ಆಯ್ಕೆ ಎಲ್ಲೆಡೆ ಹೊಂದುವುದಿಲ್ಲ. ನೂರು ಗಜದಾಚೆಯ ಬಯಲಿಗೆ ನಾನು ಇದನ್ನು ಒಯ್ಯುವುದಿಲ್ಲ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗೆ ನೇರ ಕೇಸಿನ ಕಟ್ಟುಪಾಡಿಲ್ಲ. ಅಲ್ಲಿರುವವರು ಅಂಗಡಿಯವನ ಮಾತು ಕೇಳಿ .30-30 ಕೊಳ್ಳುವುದೇ ಸರಿ, ಸ್ಕೋಪ್ ಬೇಕೆಂದರೆ ಬದಿಗೆ ಕೇಸು ಎಸೆಯುವ ಮಾರ್ಲಿನ್ 336 ಒಳ್ಳೆಯದು. ಮನೆಯಲ್ಲಿ ಹರೆಯದ ಮಕ್ಕಳಿಗೂ ಕಲಿಸುವ ಉದ್ದೇಶವಿದ್ದರೆ ಹೆನ್ರಿ ಕಂಪನಿಯ, ಪುಟ್ಟ .22 ತೋಟಾದ ಲಿವರ್ ರೈಫಲ್ ಮೊದಲು ಬರಲಿ. ಅದರ ಕೊಳವೆಯನ್ನು ಮುಂದಿನಿಂದ ಎಳೆದು ತೋಟಾಗಳನ್ನು ಸುರಿದುಬಿಡಬಹುದು. ನನ್ನ ರೈಫಲಿನಲ್ಲಿ ಖಾಲಿ ಮಾಡಬೇಕಾದರೆ ಒಂದೊಂದು ತೋಟಾವನ್ನೂ ಲಿವರ್ ಎಳೆದೇ ಹೊರತೆಗೆಯಬೇಕು, ಕೊನೆಯದು ಬಂದ ಮೇಲೂ ಚೇಂಬರಿಗೆ ಕಿರುಬೆರಳಿಟ್ಟು ನೋಡಬೇಕು.