ಲಕ್ಕುಂಡಿಯ ಕಲ್ಲು, ಕ್ಯಾಮೆರಾದೊಳಗಿನ ರಾ ಎಡಿಟಿಂಗ್

ಲಕ್ಕುಂಡಿಯ ಗುಡಿಗಳ ಫೋಟೋ ತೆಗೆಯಲು ಹೋದರೆ ರಾ ಫೈಲ್‌ಗಳನ್ನು (ಕ್ಯಾಮೆರಾ ಸೆನ್ಸರ್ ದಾಖಲಿಸಿದ, ಇನ್ನೂ ಸಂಸ್ಕರಿಸದ ಚಿತ್ರಗಳನ್ನು) ಅಲ್ಲೇ ಕಟ್ಟೆ ಮೇಲೆ ಕೂತು, ಕ್ಯಾಮೆರಾದಲ್ಲೇ ತಿದ್ದಿಬಿಡುತ್ತೇನೆ. ಕಾರಣ ಆ ಬಳಪದ ಕಲ್ಲು. ಬಿಸಿಲಲ್ಲಿ ಒಂದು ಬಣ್ಣ, ನೆರಳಲ್ಲಿ ಇನ್ನೊಂದು. ಹುಬ್ಬಳ್ಳಿಗೆ ಬಂದು ಕಂಪ್ಯೂಟರ್ ಮುಂದೆ ಕೂತಾಗ ಆ ಹಸಿರು ಬೆರೆತ ಬೂದು ಬಣ್ಣ ಸರಿಯಾಗಿ ನೆನಪಿರಲ್ಲ. ಅಲ್ಲಿ ಕಲ್ಲು ಎದುರಿಗೇ ಇರುತ್ತದೆ, ಹೋಲಿಸಿ ನೋಡಬಹುದು.

ನನ್ನದು ಫ್ಯೂಜಿ ಎಕ್ಸ್-ಟಿ20 ಕ್ಯಾಮೆರಾ. ಪ್ಲೇಬ್ಯಾಕ್‌ನಲ್ಲಿ ಚಿತ್ರ ತೆರೆದು ಕ್ಯೂ ಬಟನ್ ಒತ್ತಿದರೆ ರಾ ಕನ್ವರ್ಷನ್ ಮೆನು (ರಾ ಫೈಲನ್ನು ಜೆಪೆಗ್ ಮಾಡುವ ಪಟ್ಟಿ) ಬರುತ್ತದೆ. ಬೇಕಾದ್ದು ಬದಲಿಸಿ ಮತ್ತೆ ಕ್ಯೂ ಒತ್ತಿ ನೋಡಬೇಕು, ಹಿಡಿಸಿದರೆ ಓಕೆ. ಹೊಸ ಜೆಪೆಗ್ ಸೇವ್ ಆಗುತ್ತದೆ, ಮೂಲ ಫೈಲ್‌ಗೆ ಏನೂ ಆಗಲ್ಲ. ನಿಕಾನ್, ಕ್ಯಾನನ್‌ನ ಎಷ್ಟೋ ಕ್ಯಾಮೆರಾಗಳಲ್ಲೂ ಇದು ಇದೆ.

ನಾನು ಮೊದಲು ಮುಟ್ಟುವುದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಸರಿಪಡಿಸುವ ಸೆಟ್ಟಿಂಗ್. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡ ನೆರಳಲ್ಲಿತ್ತು, ಆಟೋ ಸೆಟ್ಟಿಂಗ್‌ನಲ್ಲಿ ತೆಗೆದದ್ದು ನೀಲಿ ನೀಲಿ. ಪಕ್ಕದಲ್ಲಿ ಕೂತಿದ್ದ ಊರಿನ ಅಜ್ಜ ಇಣುಕಿ ನೋಡಿ, “ನಮ್ಮ ಕಲ್ಲು ಇಷ್ಟು ನೀಲಿ ಇಲ್ರೀ ಸರ” ಅಂದರು. ಶೇಡ್ (ನೆರಳಿನ) ಸೆಟ್ಟಿಂಗ್‌ಗೆ ಹಾಕಿದೆ, ಹಳದಿ ಜಾಸ್ತಿ ಆಯ್ತು. ಬಿಸಿಲಿನ ಸೆಟ್ಟಿಂಗ್‌ಗೆ ತಂದು, ಬಣ್ಣ ತುಸು ಸರಿಸುವ ಶಿಫ್ಟ್‌ನಲ್ಲಿ ಕೆಂಪು ಸ್ವಲ್ಪ ಏರಿಸಿದೆ. “ಹಾಂ, ಈಗ ಆತ ನೋಡ್ರಿ.” ಇಂಥ ಪರೀಕ್ಷಕರು ಮನೆಯಲ್ಲಿ ಎಲ್ಲಿ ಸಿಗ್ತಾರೆ?

ಫಿಲ್ಮ್ ಸಿಮ್ಯುಲೇಷನ್‌ನಲ್ಲಿ (ಹಳೆಯ ಫಿಲ್ಮ್‌ಗಳ ಬಣ್ಣ ಅನುಕರಿಸುವ ಸೆಟ್ಟಿಂಗ್) ಸಹಜ ಬಣ್ಣದ ಪ್ರೊವಿಯಾ ಸಾಕು. ಗಾಢ ಬಣ್ಣದ ವೆಲ್ವಿಯಾ ಹಾಕಿದರೆ ಕಲ್ಲಿಗೆ ಪೇಂಟ್ ಹೊಡೆದ ಹಾಗೆ ಕಾಣುತ್ತದೆ. ಆಳವಾದ ಕೆತ್ತನೆಗೆ ಶ್ಯಾಡೋ ಟೋನ್ (ನೆರಳಿನ ಗಾಢತೆ) ಮೈನಸ್ 1 ಮಾಡುತ್ತೇನೆ, ಬಳ್ಳಿಗಳ ಹಿಂದಿನ ಕಪ್ಪು ತುಸು ತೆರೆದುಕೊಳ್ಳುತ್ತದೆ.

ಡೈನಾಮಿಕ್ ರೇಂಜ್ (ಡಿಆರ್), ಅಂದರೆ ಒಂದೇ ಚಿತ್ರದಲ್ಲಿ ಹಿಡಿಯುವ ಕತ್ತಲು-ಬೆಳಕಿನ ಅಂತರ, ಇದನ್ನು ಮಾತ್ರ ಷಟರ್ ಒತ್ತುವ ಮೊದಲೇ ಯೋಚಿಸಬೇಕು. ಒಳಗೆ ಕತ್ತಲು, ಹೊರಗೆ ಸುಡು ಬಿಸಿಲು ಇದ್ದಾಗ ಡಿಆರ್400 ಸೆಟ್ಟಿಂಗ್ ಬೇಕು. ಅದಕ್ಕೆ ಈ ಕ್ಯಾಮೆರಾದಲ್ಲಿ ಐಎಸ್‌ಒ (ಬೆಳಕಿನ ಸಂವೇದನೆಯ ಸಂಖ್ಯೆ) ಕನಿಷ್ಠ 800 ಇರಬೇಕು, ಯಾಕೆಂದರೆ ಅದು ಬಿಳಿ ಭಾಗ ಉಳಿಸಲು ಎರಡು ಸ್ಟಾಪ್ ಕಡಿಮೆ (ಅಂದರೆ ಕಾಲು ಭಾಗದಷ್ಟು) ಬೆಳಕು ದಾಖಲಿಸಿ ಆಮೇಲೆ ನೆರಳನ್ನು ಎತ್ತುತ್ತದೆ. ಡಿಆರ್400ರ ಫೈಲನ್ನು ಮೆನುವಿನಲ್ಲಿ 100ಕ್ಕೆ ಇಳಿಸಬಹುದು. 100ರಲ್ಲಿ ತೆಗೆದದ್ದನ್ನು 400ಕ್ಕೆ ಏರಿಸಲು ಬರಲ್ಲ.

ಬಿಸಿಲಲ್ಲಿ ಸ್ಕ್ರೀನ್ ಮಂಕಾಗಿ ಕಾಣುತ್ತದೆ. ಸುಮ್ನೆ ಕಣ್ಣನ್ನು ನಂಬಿದರೆ ಚಿತ್ರ ಅತಿ ಬೆಳ್ಳಗಾಗುತ್ತದೆ, ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಪ್ರಮಾಣ ತೋರಿಸುವ ಗ್ರಾಫ್) ನೋಡಿಕೊಳ್ಳಿ. ಒಂದು ಮೂಲೆಯನ್ನಷ್ಟೇ ಬೆಳಗಿಸುವ ಕೆಲಸ ಇಲ್ಲಿ ಆಗಲ್ಲ, ಅಂಥವನ್ನು ಮನೆಗೆ ಬಿಡುತ್ತೇನೆ. ಇನ್ನೊಂದು: ಬೇರೆ ಮಾಡೆಲ್‌ನಲ್ಲಿ ತೆಗೆದ ರಾ ಫೈಲನ್ನು ಇದು ತಿದ್ದುವುದಿಲ್ಲ. ಗೆಳೆಯರ ಕಾರ್ಡ್ ಹಾಕಿ ಪ್ರಯೋಜನವಿಲ್ಲ.